ಮಾದಪ್ಪ ಕರೆದಾಗ: ಬೆಟ್ಟಕ್ಕೆ ನಡೆದು ಹೊರಡುವ ಮುನ್ನ ನೋಡಬೇಕಾದ ಸೂಚನೆಗಳು, ಮಾಡಿಕೊಳ್ಳಬೇಕಾದ ಸಿದ್ಧತೆ

ಶಿವರಾತ್ರಿಗೆ ಇನ್ನೂ ಎರಡು ತಿಂಗಳಿರುವಾಗಲೇ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿ ಕಡೆಯ ನಮ್ಮೂರುಗಳಲ್ಲಿ ಒಂದು ಮಾತು ಶುರುವಾಗುತ್ತದೆ: "ಈ ಸಲ ಯಾರ್ಯಾರು ಹೊಂಟೀರವ್ವ?" ಎಲ್ಲಿಗೆ ಅಂತ ಯಾರೂ ಬಿಡಿಸಿ ಕೇಳುವುದಿಲ್ಲ. ನಮ್ಮಲ್ಲಿ ನಡೆದು ಹೊರಡುವುದೆಂದರೆ ಮಲೆ ಮಹದೇಶ್ವರ ಬೆಟ್ಟಕ್ಕೇ. ಮಾದಪ್ಪ ಅಂತ ನಾವು ಕರೆಯುವುದು ಆ ಮಹದೇಶ್ವರನನ್ನೇ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು 14 ಸಲ ನಡೆದು ಹೋಗಿದ್ದೇನೆ. ಮೊದಲ ಐದಾರು ಸಲ ನಮ್ಮತ್ತೆಯ ಹಿಂದೆ, ಆಮೇಲೆ ಹೊಸಬರನ್ನು ಹಿಂದಿಟ್ಟುಕೊಂಡು. ಪ್ರತಿ ವರ್ಷ ಯಾರಾದರೂ ಬಂದು ಕೇಳುವ ಪ್ರಶ್ನೆ ಎರಡೇ: ದೇವರು ಕರೆದಿದ್ದಾನೆ ಅಂತ ಹೇಗೆ ಗೊತ್ತಾಗುತ್ತದೆ? ಕರೆದ ಮೇಲೆ ಏನೇನು ಮಾಡಿಕೊಳ್ಳಬೇಕು? ಬಾಯಲ್ಲಿ ಹೇಳಿ ಹೇಳಿ ಅಭ್ಯಾಸವಾದದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಹರಕೆ ಹೊತ್ತವರು ಒಬ್ಬರೇ ಇರಬಹುದು, ಆದರೆ ಅದನ್ನು ತೀರಿಸುವುದು ಇಡೀ ಮನೆ. ಮನೆಯಲ್ಲಿ ಒಬ್ಬರು ಮುಖ ಊದಿಸಿಕೊಂಡಿದ್ದರೂ ಆ ಯಾತ್ರೆ ಹೊರಡಲು ಇನ್ನೂ ಅಣಿಯಾಗಿಲ್ಲ ಅಂತಲೇ ನಾನು ತಿಳಿಯುವುದು. ಕೆಳಗೆ ಬರೆದಿರುವ ಸೂಚನೆ, ಸಿದ್ಧತೆಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಕರೆ ಬರುವ ಬಗೆ

ಎಲ್ಲಕ್ಕಿಂತ ಗಟ್ಟಿಯಾದ ಸೂಚನೆ ಮರೆತ ಹರಕೆ ನೆನಪಾಗುವುದು. ಮಗುವಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಕೂತಿದ್ದಾಗ, ಬೋರ್‌ವೆಲ್ ಕೊರೆಸುವಾಗ, ಹಸು ಕರು ಹಾಕಲಾರದೆ ಒದ್ದಾಡುವಾಗ "ಮಾದಪ್ಪ, ಕಾಪಾಡಪ್ಪ, ನಡ್ಕೊಂಡು ಬತ್ತೀನಿ" ಅಂದುಬಿಟ್ಟಿರುತ್ತೇವೆ. ಕಷ್ಟ ಕಳೆದ ಮೇಲೆ ಮರೆಯುತ್ತೇವೆ. ಎಷ್ಟೋ ವರ್ಷದ ಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಿರುವಾಗ ಆ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ, ಮರುದಿನವೂ ಬರುತ್ತದೆ, ಬಿಡುವುದೇ ಇಲ್ಲ. ಹಾಗಾದಾಗ ಬೇರೆ ಸೂಚನೆ ಹುಡುಕುವುದು ಬೇಡ. ಅದೇ ಕರೆ.

ಎರಡನೆಯದು ಕನಸು. ನಮ್ಮ ಕಡೆ ಕನಸಿನಲ್ಲಿ ಹುಲಿ ಕಂಡರೆ ಹಿರಿಯರು ಹೆದರಿಸುವುದಿಲ್ಲ. ಹುಲಿ ಮಾದಪ್ಪನ ವಾಹನ, ಬೆಟ್ಟದಲ್ಲಿ ಅವನ ಉತ್ಸವಮೂರ್ತಿ ಮೆರೆಯುವುದೂ ಹುಲಿವಾಹನದ ಮೇಲೆಯೇ. ಜೋಳಿಗೆ ಹಿಡಿದ ಜಂಗಮ ಬಾಗಿಲಲ್ಲಿ ನಿಂತಂತೆ, ಕಂಸಾಳೆಯ (ಕಂಚಿನ ತಾಳದ) ಸದ್ದು ಕೇಳಿದಂತೆ, ಕಾಡಿನ ದಾರಿಯಲ್ಲಿ ಏರುತ್ತಿರುವಂತೆ ಕಾಣುವುದೂ ಉಂಟು. ಕನಸು ಬಿದ್ದ ಬೆಳಿಗ್ಗೆ ಊರಿಗೆಲ್ಲ ಸಾರಬೇಡಿ. ಸ್ನಾನ ಮಾಡಿ, ದೇವರ ಮುಂದೆ ಧೂಪ ಹಾಕಿ, ಮನೆಯ ಹಿರಿಯರೊಬ್ಬರಿಗೆ ಮಾತ್ರ ಹೇಳಿ. ನಮ್ಮತ್ತೆಗೆ ಹೇಳಿದರೆ ಅವರು ಮೊದಲು ಕೇಳುತ್ತಿದ್ದದ್ದು, "ನೆನ್ನೆ ರಾತ್ರಿ ಏನ್ ಉಂಡಿದ್ದೆ?" ಹೊಟ್ಟೆ ಕೆಟ್ಟಿದ್ದರೆ ಬೀಳುವ ಕನಸೇ ಬೇರೆ, ದೇವರ ಕನಸೇ ಬೇರೆ ಅಂತ ಅವರ ಲೆಕ್ಕ. ಒಂದೇ ಕನಸು ಮತ್ತೆ ಬಂದರೆ ಮಾತ್ರ ಮುಂದಿನ ಮಾತು.

ಮೂರನೆಯದು ದೇವರಗುಡ್ಡರು, ಅಂದರೆ ಮಾದಪ್ಪನ ಕಥೆ ಹಾಡುತ್ತಾ ಭಿಕ್ಷೆ ಬೇಡುವ ಅವನ ಒಕ್ಕಲಿನವರು, ಬಾಗಿಲಿಗೆ ಬರುವುದು. ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಕಂಸಾಳೆ. ನೀವು ಬೆಟ್ಟದ ಮಾತು ಆಡುತ್ತಿರುವ ಹೊತ್ತಿಗೇ ಅವರು ಬಂದು "ಉಘೇ ಮಾದಪ್ಪ" ಅಂದರೆ ಮೈ ಜುಮ್ಮೆನ್ನದೆ ಇರುವುದಿಲ್ಲ. ಮೊರದಲ್ಲಿ ರಾಗಿ ತಂದು ಭಿಕ್ಷೆ ನೀಡಿ, ಅವರಿಂದ ಭಂಡಾರವೋ ವಿಭೂತಿಯೋ ಏನು ಕೊಟ್ಟರೂ ಕಣ್ಣಿಗೊತ್ತಿಕೊಳ್ಳಿ. ಮಾದಪ್ಪನ ಕಥೆ ಇಷ್ಟು ನೂರು ವರ್ಷ ಉಳಿದಿರುವುದು ಅವರ ನಾಲಿಗೆಯ ಮೇಲೆ. ಸುತ್ತೂರು ಮಠದಲ್ಲಿ ಅವನು ರಾಗಿ ಬೀಸಿದ್ದು, ಶ್ರವಣಾಸುರನನ್ನು ಕೊಂದದ್ದು, ಜುಂಜೇಗೌಡ ಗುಡಿ ಕಟ್ಟಿಸಿದ್ದು, ಎಲ್ಲ ನಾನು ಅವರಿಂದಲೇ ಕೇಳಿದ್ದು. ಹತ್ತು ನಿಮಿಷ ಕೂರಿಸಿ ಒಂದು ಸೊಲ್ಲು ಹಾಡಿಸಿ, ನಿಮ್ಮ ಮಕ್ಕಳೂ ಕೇಳಲಿ.

ಹಲ್ಲಿ ಲೊಚಗುಟ್ಟುವುದು, ಗಂಡಸರಿಗೆ ಬಲಗಣ್ಣು ಹೆಂಗಸರಿಗೆ ಎಡಗಣ್ಣು ಅದುರುವುದು, ಮಾತಿನ ನಡುವೆ ಗುಡಿಯ ಗಂಟೆ ಕೇಳುವುದು ಎಲ್ಲ ಶುಭವೆಂದೇ ಲೆಕ್ಕ. ಆದರೆ ಇವು ಮನಸ್ಸಿಗೆ ಸಮಾಧಾನ ಕೊಡುವ ಸಣ್ಣ ಸೂಚನೆಗಳು, ಇವುಗಳನ್ನೇ ನಂಬಿ ಹೊರಡುವವರು ಯಾರೂ ಇಲ್ಲ.

ಅಪ್ಪಣೆ ಕೇಳುವುದು

ಕರೆ ಬಂದಿದೆ ಅನ್ನಿಸಿದ ಮೇಲೆ ಮನೆದೇವರ ಅಪ್ಪಣೆ ಕೇಳಬೇಕು. ನಿಮ್ಮ ಮನೆದೇವರು ಬೇರೆಯಿದ್ದರೂ ಮೊದಲು ಅಲ್ಲಿಗೇ ಹೋಗಿ. ಸೋಮವಾರ ಬೆಳಿಗ್ಗೆ ಉಪವಾಸವಿದ್ದು, ಹಣ್ಣುಕಾಯಿ ಮಾಡಿಸಿ, ದೇವರ ಬಲಗಡೆ ಎಡಗಡೆ ಹೂ ಇರಿಸಲು ಅರ್ಚಕರಿಗೆ ಹೇಳಿ. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಈಗ ಬೇಡ. ಕೇಳುವ ಮಾತು ಒಂದೇ ಇರಬೇಕು: "ಈ ಶಿವರಾತ್ರಿಗೆ ನಡೆದು ಹೋಗಬಹುದಾ?" ಮಗಳ ಮದುವೆ, ಮಗನ ಕೆಲಸ, ಹೊಲದ ವ್ಯಾಜ್ಯ ಎಲ್ಲ ಸೇರಿಸಿ ಕೇಳಿದರೆ ಹೂ ಯಾವುದಕ್ಕೆ ಬಿತ್ತು ಅಂತ ಹೇಗೆ ತಿಳಿಯುತ್ತದೆ?

ನನ್ನ ಮೊದಲ ವರ್ಷದ ತಪ್ಪೇ ಇದು. ಎಡಗಡೆಯ ಹೂ ಬಿತ್ತು. ನನಗೆ ಹೋಗಲೇಬೇಕೆಂಬ ಆಸೆ. ಇನ್ನೊಮ್ಮೆ ಇಡಿಸಿದೆ, ಮತ್ತೆ ಎಡಗಡೆಯದೇ ಬಿತ್ತು. ಮೂರನೇ ಸಲ ಬಲಗಡೆಯ ಹೂ ಜಾರಿತು. ನಾನು ಕೈಮುಗಿದು ಏಳುವಷ್ಟರಲ್ಲಿ ಅರ್ಚಕರು ಮೆಲ್ಲಗೆ, "ಮೂರ್ ಸಲ ಕೇಳುದ್ರೆ ದೇವ್ರು ಹೇಳ್ದಂಗಲ್ಲ ಕಣವ್ವ, ನೀನೇ ಹೇಳ್ಕೊಂಡಂಗೆ" ಅಂದರು. ಆ ವರ್ಷ ಹೊರಟೆ. ಮಳವಳ್ಳಿ ದಾಟುವ ಮೊದಲೇ ಚಿಕ್ಕ ಮಗನಿಗೆ ಮೈ ಕಾದಿದೆ ಅಂತ ಫೋನ್ ಬಂತು, ಬಸ್ ಹತ್ತಿ ವಾಪಸ್ ಬಂದೆ. ದೇವರು ಶಿಕ್ಷೆ ಕೊಟ್ಟ ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಮಗು ಹಿಂದಿನ ದಿನವೇ ಮಂಕಾಗಿತ್ತು, ಹೊರಡುವ ಹುರುಪಿನಲ್ಲಿ ನಾನೇ ನೋಡಿಯೂ ನೋಡದಂತಿದ್ದೆ. ಅದಕ್ಕೇ ಹೇಳುತ್ತೇನೆ, ಒಂದೇ ಸಲ ಕೇಳಿ. ಎಡಗಡೆಯದು ಬಿದ್ದರೆ ಮನೆಗೆ ಬಂದು ಸುತ್ತ ನೋಡಿ, ಯಾರಿಗೆ ಏನು ಆಗಬೇಕಿದೆ ಅಂತ.

ನಮ್ಮ ಮಂಡ್ಯ ಸೀಮೆಯಲ್ಲಿ ಇನ್ನೊಂದು ದಾರಿಯೂ ಇದೆ, ದೇವರ ಬಸವ. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸಪ್ಪನ ಹೆಸರು ಕೇಳದವರು ಈ ಕಡೆ ಇಲ್ಲ. ಬಸಪ್ಪ ಮುಂಗಾಲು ಎತ್ತಿ ಅಂಗೈ ಮೇಲೆ ಪಾದ ಇಟ್ಟರೆ ಅಪ್ಪಣೆಯಾಯಿತು ಅಂತ ನಂಬಿಕೆ. ಬಸಪ್ಪನನ್ನು ಮನೆಗೆ ಬರಮಾಡಿಕೊಳ್ಳುವುದಾದರೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಕಾಲು ತೊಳೆಯಲು ಅರಿಸಿನದ ನೀರು, ತಿನ್ನಲು ಬಾಳೆಹಣ್ಣು ಬೆಲ್ಲ ಇಟ್ಟಿರಿ. ಮುಂದೆ ಗುಂಪು ಕಟ್ಟಿಕೊಂಡು ಫೋಟೋ ಹಿಡಿಯಬೇಡಿ, ಬಾಲ ಮುಟ್ಟಬೇಡಿ. ಗದ್ದಲಕ್ಕೆ ಬೆದರಿದ ಬಸವ ತಿರುಗಿ ನಡೆದರೆ ಅದನ್ನು ಅಪಶಕುನ ಅಂತ ಅಳುತ್ತಾ ಕೂರುವವರನ್ನು ಕಂಡಿದ್ದೇನೆ. ಗದ್ದಲ ಮಾಡಿದವರು ನಾವಲ್ಲವೇ?

ನಿಲ್ಲು ಅನ್ನುವ ಸೂಚನೆ

ಮನೆಯಲ್ಲಿ ಸೂತಕ ಅಥವಾ ಪುರುಡು (ಹೆರಿಗೆಯ ಮೈಲಿಗೆ) ಇದ್ದರೆ ಹೊರಡುವಂತಿಲ್ಲ. ತೀರಾ ಹತ್ತಿರದವರು ತೀರಿಕೊಂಡಿದ್ದರೆ ವರ್ಷ ತುಂಬುವವರೆಗೆ ಬೆಟ್ಟ ಹತ್ತದ ಮನೆಗಳೂ ಇವೆ, ನಿಮ್ಮ ಮನೆಯ ರೂಢಿ ಏನೋ ಹಿರಿಯರನ್ನು ಕೇಳಿ. ಬೆಕ್ಕು ಅಡ್ಡ ಬಂದರೆ, ಹೊಸ್ತಿಲು ದಾಟುವಾಗ ಯಾರಾದರೂ ಸೀನಿದರೆ ಒಳಗೆ ಬಂದು ಕೂತು ಒಂದು ಲೋಟ ನೀರು ಕುಡಿದು ಹೊರಡಿ, ಸಾಕು.

ಎದೆ ಬಿಗಿಯುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ, ಪಾದ ಜೋಮು, ಇವನ್ನು ಮಾತ್ರ ಶಕುನದ ಲೆಕ್ಕಕ್ಕೆ ಸೇರಿಸಬೇಡಿ. ಇವು ಡಾಕ್ಟರಿಗೆ ತೋರಿಸಬೇಕಾದವು. ಇನ್ನು, "ಹರಕೆ ತಡವಾಗಿದೆ, ಮಾದಪ್ಪ ಮುನಿದಿದ್ದಾನೆ, ಇಷ್ಟು ಸಾವಿರ ಕೊಟ್ಟರೆ ದೋಷ ತೆಗೆಯುತ್ತೇನೆ" ಅನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ತಡವಾದ ಹರಕೆಗೆ ತಪ್ಪುಕಾಣಿಕೆ ಕಟ್ಟಿಟ್ಟರೆ ಆಯಿತು, ಅದನ್ನು ಹಾಕುವುದು ಬೆಟ್ಟದ ಹುಂಡಿಗೆ.

ಮುಡಿಪು ಮತ್ತು ಮೀಸಲು

ಅಪ್ಪಣೆಯಾದ ಸೋಮವಾರವೇ ಮುಡಿಪು, ಅಂದರೆ ದೇವರಿಗೆ ಕಾಣಿಕೆ ತೆಗೆದಿಡುವ ಗಂಟು, ಕಟ್ಟಿ. ಒಂದು ಮೊಳ ಬಿಳಿ ಬಟ್ಟೆಯನ್ನು ಅರಿಸಿನದ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ನಡುವೆ ಒಂದೂಕಾಲು ರೂಪಾಯಿ ಅಂತ ಹಿಂದಿನವರು ಇಡುತ್ತಿದ್ದರು, ಈಗ 11 ಅಥವಾ 101. ಜೊತೆಗೆ ಒಂದು ಚಿಟಿಕೆ ವಿಭೂತಿ, ಎರಡು ಅಕ್ಕಿಕಾಳು. ಹರಕೆ ಹೊತ್ತವರೇ ಗಂಟು ಹಾಕಬೇಕು. ದೇವರಮನೆಯಲ್ಲಿ ಇಟ್ಟು ಪ್ರತಿ ಸೋಮವಾರ ಧೂಪ ತೋರಿಸಿ, ಮನೆಯವರೆಲ್ಲ ಒಂದೊಂದು ಕಾಸು ಸೇರಿಸಿ. ಮಕ್ಕಳ ಕೈಯಲ್ಲೂ ಹಾಕಿಸಿ.

ಮೀಸಲು ಅಂದರೆ ನಮ್ಮ ಬೆಳೆಯಲ್ಲಿ ಮೊದಲನೆಯದನ್ನು ದೇವರಿಗೆಂದು ತೆಗೆದಿಡುವುದು. ಯಾರೂ ರುಚಿ ನೋಡಿರಬಾರದು, ಮೂಸಿರಲೂಬಾರದು. ರಾಗಿ ಕಣ ಮಾಡುವಾಗ ಮೊದಲ ಸೇರು, ಅವರೆಕಾಯಿಯ ಮೊದಲ ಬೊಗಸೆ, ಮನೆಯ ಹಸುವಿನ ತುಪ್ಪ. ಕಬ್ಬು ಬೆಳೆಯುವ ನಮಗೆ ಬೆಲ್ಲ. ಆಲೆಮನೆಗೆ ಕಬ್ಬು ಹೋದ ದಿನ ನಮ್ಮ ಯಜಮಾನರು ಬಾಳೆಲೆ ಹಿಡಿದು ಕೊಪ್ಪರಿಗೆಯ ಹತ್ತಿರ ನಿಂತಿರುತ್ತಾರೆ. ಪಾಕ ಅಚ್ಚಿಗೆ ಬಿದ್ದು ಆರಿದ ಮೇಲೆ ಮೊದಲ ಎರಡು ಅಚ್ಚು ತಟ್ಟಿ ಎಲೆಗೆ ಹಾಕಿಸಿಕೊಂಡು, ಬಾಳೆನಾರಿನಲ್ಲಿ ಕಟ್ಟಿ, ಮಾತಾಡದೆ ಮನೆಗೆ ತರುತ್ತಾರೆ. ಆ ಬೆಲ್ಲ ಮಡಕೆಯಲ್ಲಿ ಕೂತು ಶಿವರಾತ್ರಿಯವರೆಗೆ ಮನೆಯೆಲ್ಲ ಘಮಘಮ ಅನ್ನುತ್ತಿರುತ್ತದೆ. ಸುತ್ತ ಓಡಾಡುವ ಮಕ್ಕಳು ಮುಟ್ಟದೆ ಇರುವುದೇ ಅವರ ವ್ರತ. ನೀವು ಪೇಟೆಯಲ್ಲಿದ್ದು ಹೊಲ ಇಲ್ಲದಿದ್ದರೆ ಸಂಬಳ ಬಂದ ದಿನ ಮೊದಲ ಖರ್ಚಾಗಿ ಒಂದು ಸೇರು ಅಕ್ಕಿ ಕೊಂಡು ತೆಗೆದಿಡಿ, ಅದೂ ಮೀಸಲೇ.

ಮನೆ ಸರಿಮಾಡಿಕೊಳ್ಳುವುದು

ಇದಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಬೇಕು, ಆದರೆ ಜನ ಇದನ್ನೇ ಕೊನೆಗೆ ಬಿಡುತ್ತಾರೆ.

ಕೈಸಾಲ ತೀರಿಸಿ. ಆಗದಿದ್ದರೆ ಸಾಲ ಕೊಟ್ಟವರ ಮನೆಗೆ ಹೋಗಿ, "ಬೆಟ್ಟಕ್ಕೆ ಹೊಂಟಿದ್ದೀನಿ, ಬಂದ ಮೇಲೆ ಇಂಥ ತಿಂಗಳು ಕೊಡ್ತೀನಿ" ಅಂತ ಬಾಯಿಬಿಟ್ಟು ಹೇಳಿ. ಸಾಲ ಮಾಡಿಕೊಂಡು ಯಾತ್ರೆ ಹೊರಡುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ.

ಮಾತು ಬಿಟ್ಟವರ ಹತ್ತಿರ ಮಾತಾಡಿ. ಒಂದು ವರ್ಷ ನಾಲೆ ನೀರಿನ ಸರದಿಗಾಗಿ ನಮ್ಮ ಯಜಮಾನರಿಗೂ ಅವರ ತಮ್ಮನಿಗೂ ಜಗಳವಾಗಿ ಆರು ತಿಂಗಳು ಮಾತಿರಲಿಲ್ಲ. ಮುಡಿಪಿಗೆ ಎಲ್ಲರ ಕಾಸೂ ಬಿದ್ದಿತ್ತು, ಮೈದುನನ ಮನೆಯದೊಂದು ಬಿಟ್ಟು. ನಮ್ಮತ್ತೆ ಗಂಟು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ತಾವೇ ಅವರ ಜಗಲಿಗೆ ಹೋಗಿ ಕೂತರು. ಏನೂ ಹೇಳಲಿಲ್ಲ. ಮೈದುನ ಹೊರಗೆ ಬಂದು ನೋಡಿ, ಒಳಗೆ ಹೋಗಿ, ಹತ್ತು ರೂಪಾಯಿಯ ನಾಣ್ಯ ತಂದು ಹಾಕಿ, "ಅಣ್ಣಂಗೆ ಹುಷಾರಾಗಿ ನಡೆಯೋಕ್ ಹೇಳವ್ವ, ಅವ್ನ ಮಂಡಿ ಸರಿಯಿಲ್ಲ" ಅಂದ. ಆ ವರ್ಷ ಹೂ ಇಡಿಸುವ ಅಗತ್ಯವೇ ನನಗೆ ಕಾಣಲಿಲ್ಲ.

ದನಕರು, ಹಾಲು, ಹುಳ. ಬೆಳಿಗ್ಗೆ ಸಂಜೆ ಕರೆದು ಡೈರಿಗೆ ಹಾಲು ಹಾಕುವವರು ಯಾರು ಅಂತ ಹೆಸರು ಹಿಡಿದು ಗೊತ್ತುಮಾಡಿ. ರೇಷ್ಮೆ ಮನೆಯವರು ಚಾಕಿ (ಮರಿಹುಳ) ತರುವ ದಿನವನ್ನೇ ಲೆಕ್ಕ ಹಾಕಬೇಕು. ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದು ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ನೀವು ಬೆಟ್ಟದ ದಾರಿಯ ಹನೂರಿನಲ್ಲಿದ್ದರೆ ಇತ್ತ ಮನೆಯವರ ಪಾಡು ನೀವೇ ಯೋಚಿಸಿ. ಪರೀಕ್ಷೆ ಬರೆಯುವ ಮಕ್ಕಳಿದ್ದರೆ ಅವರ ಜೊತೆ ದೊಡ್ಡವರೊಬ್ಬರು ಇರಲೇಬೇಕು.

ವ್ರತ

5, 9, 11, 21 ದಿನ, ಅವರವರ ಮನೆಯ ರೂಢಿ. ಮೊದಲ ಸಲದವರಿಗೆ 9 ದಿನ ಸಾಕು. ಬೆಳಿಗ್ಗೆ ತಲೆಗೆ ನೀರು, ಹಣೆಗೆ ವಿಭೂತಿ, ಸಂಜೆ ದೀಪ, ಧೂಪ. ಮಾಂಸ, ಹೆಂಡ, ಬೀಡಿ ಸಿಗರೇಟು ಇಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗುವುದು. ದಾರಿಯ ಛತ್ರದಲ್ಲಿ, ಶಾಲೆಯ ಜಗಲಿಯಲ್ಲಿ ಮಲಗಲು ಬೆನ್ನಿಗೆ ಇದೇ ಅಭ್ಯಾಸ. ಬೈಗುಳ ಬಿಡುವುದು ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಹೆಣ್ಣುಮಕ್ಕಳ ತಿಂಗಳ ದಿನಗಳ ವಿಷಯದಲ್ಲಿ ಒಂದೊಂದು ಮನೆಯದು ಒಂದೊಂದು ಪದ್ಧತಿ. ನಮ್ಮತ್ತೆ ಹೇಳುತ್ತಿದ್ದದ್ದು, ನಡುವೆ ಬಂದರೆ ತಂಗುವಲ್ಲಿ ವಿಶ್ರಾಂತಿ ಮಾಡಿ, ಕಳೆದ ಮೇಲೆ ಬಸ್ಸಿನಲ್ಲಿ ಬಂದು ಕೂಡಿಕೋ. ಮಾತ್ರೆ ನುಂಗಿ ದಿನ ಮುಂದೂಡುವುದನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ.

ಕಾಲು ಹದಮಾಡುವುದು

ನಮ್ಮ ದಾರಿ: ಮಳವಳ್ಳಿ, ಸತ್ತೇಗಾಲ, ಕೊಳ್ಳೇಗಾಲ, ಕಾಮಗೆರೆ, ಹನೂರು, ಕೌದಳ್ಳಿ, ತಾಳಬೆಟ್ಟ, ಅಲ್ಲಿಂದ ಮೇಲೆ ಬೆಟ್ಟ. ಕೊಳ್ಳೇಗಾಲದಿಂದಲೇ ಸುಮಾರು 80 ಕಿಲೋಮೀಟರ್. ನಮ್ಮ ಕಡೆಯಿಂದ ಐದು ದಿನ ಇಟ್ಟುಕೊಳ್ಳಿ, ಜೊತೆಗೆ ಕೈಯಲ್ಲಿ ಒಂದು ದಿನ ಮಿಕ್ಕಿರಲಿ.

ಒಂದು ತಿಂಗಳ ಮೊದಲೇ ನಡಿಗೆ ಶುರುವಾಗಬೇಕು. ಮೊದಲ ವಾರ ದಿನಕ್ಕೆ 3 ಕಿಲೋಮೀಟರ್, ಎರಡನೇ ವಾರ 6, ಮೂರನೇ ವಾರ 10. ಕೊನೆಯ ವಾರದಲ್ಲಿ ಎರಡು ದಿನ ಒಟ್ಟೊಟ್ಟಿಗೆ 15 ನಡೆದು ನೋಡಿ. ಎರಡನೇ ದಿನ ಬೆಳಿಗ್ಗೆ ಕಾಲು ಏನು ಹೇಳುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ. ಬರಿಗಾಲಿನ ಹರಕೆಯಿದ್ದರೆ ಈ ಅಭ್ಯಾಸವೂ ಬರಿಗಾಲಲ್ಲೇ, ಮೊದಲು ಮಣ್ಣಿನ ದಾರಿ, ಆಮೇಲೆ ಡಾಂಬರು. ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನ ಹರಕೆ ಹೊರಬೇಡಿ. ಹೊತ್ತಿದ್ದರೆ ಬೇರೆ ಸೇವೆಗೆ ಬದಲಾಯಿಸಿಕೊಳ್ಳಲು ಗುಡಿಯಲ್ಲಿ ಕೇಳಿಕೊಳ್ಳಿ. ಪಾದಕ್ಕೆ ಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯದೇ ಹೋಗಬಹುದು. ಚಪ್ಪಲಿ, ಶೂ ಹಾಕುವವರು ಹಳೆಯದನ್ನೇ ಹಾಕಿ, ಹೊಸದು ಕಚ್ಚುತ್ತದೆ.

ಬೊಬ್ಬೆ ಎದ್ದರೆ ಚರ್ಮ ಕೀಳಬೇಡಿ. ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟು, ಒರೆಸಿ, ಬೊಬ್ಬೆಯ ಮೇಲೆ ಶುಭ್ರ ಬಟ್ಟೆ ಕಟ್ಟಿ ಮಲಗಿ. ಬೊಬ್ಬೆಯಿಲ್ಲದ ಕಡೆ ಕೊಬ್ಬರಿ ಎಣ್ಣೆ ತಿಕ್ಕಿ.

ಶಿವರಾತ್ರಿ ಹೊತ್ತಿಗೆ ಬಿಸಿಲು ಏರಿರುತ್ತದೆ. ಬೆಳಿಗ್ಗೆ ಬೇಗ ಎದ್ದು ಹತ್ತರವರೆಗೆ, ಮತ್ತೆ ಸಂಜೆ ನಾಲ್ಕರ ಮೇಲೆ ನಡೆಯಿರಿ. ಕೌದಳ್ಳಿ ದಾಟಿದ ಮೇಲೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿಂದ ಮುಂದೆ 2013ರಲ್ಲಿ ವನ್ಯಜೀವಿ ಧಾಮವಾದ ಕಾಡು. ಆನೆ, ಚಿರತೆ, ಹುಲಿ ಎಲ್ಲ ಇವೆ. ಬೆಳಕಿರುವಾಗಲೇ, ಗುಂಪು ಬಿಡದೆ ನಡೆಯಬೇಕು. ಮಕ್ಕಳು ನಡುವೆ, ಗಟ್ಟಿಮುಟ್ಟಾದವರು ಮುಂದೆ ಒಬ್ಬರು ಹಿಂದೆ ಒಬ್ಬರು. ಅರಣ್ಯ ಇಲಾಖೆಯವರು, ಪೊಲೀಸರು ಆ ವರ್ಷ ಏನು ನಿಯಮ ಹಾಕಿದ್ದಾರೆ, ಯಾವ ಹೊತ್ತಿನ ಮೇಲೆ ಬಿಡುವುದಿಲ್ಲ, ಬೈಕಿಗೆ ತಡೆ ಇದೆಯೇ ಅಂತ ಹೊರಡುವ ವಾರ ವಿಚಾರಿಸಿ. ಕಾಡಿನಲ್ಲಿ ಒಲೆ ಹಚ್ಚಬೇಡಿ, ಪ್ಲಾಸ್ಟಿಕ್ ಎಸೆಯಬೇಡಿ. ಏಳು ಮಲೆಯೂ ಮಾದಪ್ಪನದೇ ಅಂದಮೇಲೆ ಅದು ಅವನ ಅಂಗಳದಲ್ಲಿ ಕಸ ಹಾಕಿದಂತೆ.

ಗಂಟು

ಹೆಗಲಿಗೆ ಭಾರ ಕಡಿಮೆ ಇರಲಿ. ಎರಡು ಜೊತೆ ಹತ್ತಿ ಬಟ್ಟೆ, ಒಂದು ದುಪ್ಪಟಿ, ಟವೆಲ್, ಟಾರ್ಚು, ನೀರಿನ ಬಾಟಲಿ. ದಿನಾ ನುಂಗುವ ಬಿಪಿ, ಶುಗರ್ ಮಾತ್ರೆ ಇನ್ನೂ ನಾಲ್ಕು ದಿನಕ್ಕೆ ಹೆಚ್ಚಾಗುವಷ್ಟು. ಓಆರ್‌ಎಸ್ ಪೊಟ್ಟಣ. ತಿನ್ನಲು ಹುರಿಹಿಟ್ಟು, ಕಡಲೆ, ಬೆಲ್ಲ. ದಾರಿಯುದ್ದಕ್ಕೂ ಪುಣ್ಯವಂತರು ಮಜ್ಜಿಗೆ, ಪಾನಕ, ಕಲ್ಲಂಗಡಿ, ಅನ್ನಸಾರು ಹಂಚುತ್ತಿರುತ್ತಾರೆ, ಊಟದ ಚಿಂತೆ ಅಷ್ಟಾಗಿ ಬೇಡ. ಕೊಟ್ಟದ್ದರಲ್ಲಿ ಉಣ್ಣುವಷ್ಟೇ ಹಾಕಿಸಿಕೊಳ್ಳಿ. ಮೀಸಲು ಸಾಮಾನು ಟೆಂಪೋದಲ್ಲಿ ಬರಲಿ, ಮುಡಿಪು ಮಾತ್ರ ನಿಮ್ಮ ಮೈಮೇಲೇ ಇರಲಿ. ಹೆಂಗಸರು ಆಧಾರ್ ಕಾರ್ಡ್ ಇಟ್ಟುಕೊಳ್ಳಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಹಣವಿಲ್ಲ, ಬರುವಾಗ ಅನುಕೂಲ.

ಹಿಂದಿನ ದಿನ ಊರವರು ಒಬ್ಬೊಬ್ಬರಾಗಿ ಬರುತ್ತಾರೆ. "ನಂದೂ ಒಂದ್ ಕಾಸ್ ಹಾಕ್ಬುಡವ್ವ", "ನನ್ ಮೊಮ್ಮಗನ ಹೆಸ್ರಲ್ಲಿ ಒಂದ್ ಕರ್ಪೂರ." ಬೇಡ ಅನ್ನಬೇಡಿ, ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿಯಲೂಬೇಡಿ. ಹಳೇ ಸೀರೆಯ ಉದ್ದನೆಯ ಪಟ್ಟಿ ಹರಿದು, ಒಬ್ಬೊಬ್ಬರ ಕಾಸಿಗೆ ಒಂದೊಂದು ಗಂಟು ಹಾಕಿ, ಹೆಸರನ್ನು ಚೀಟಿಯಲ್ಲಿ ಅದೇ ಸಾಲಿನಲ್ಲಿ ಬರೆದುಕೊಳ್ಳಿ. ಹುಂಡಿಯ ಮುಂದೆ ನಿಂತು ಗಂಟು ಬಿಚ್ಚುತ್ತಾ ಆ ಹೆಸರನ್ನು ಬಾಯಿಬಿಟ್ಟು ಹೇಳಿ ಹಾಕಬೇಕು. ಹೋದ ಸಲ ನನ್ನ ಪಟ್ಟಿಯಲ್ಲಿ 37 ಗಂಟುಗಳಿದ್ದವು.

ಹೊರಡುವ ದಿನ

ವಾರಶೂಲೆ ನೋಡುವವರಿಗೆ: ಸೋಮವಾರ, ಶನಿವಾರ ಪೂರ್ವಕ್ಕೂ ಗುರುವಾರ ದಕ್ಷಿಣಕ್ಕೂ ಹೊರಡುವುದಿಲ್ಲ. ಬೆಟ್ಟ ನಮಗೆ ಆಗ್ನೇಯದ ಕಡೆ, ಹಾಗಾಗಿ ಈ ಮೂರೂ ದಿನ ಬಿಡುವ ಮನೆಗಳಿವೆ. ಬೇರೆ ದಿನ ಸಿಗದಿದ್ದರೆ ಪ್ರಸ್ಥಾನ ಮಾಡಿ. ಹಿಂದಿನ ದಿನವೇ ನಿಮ್ಮ ಬಟ್ಟೆಯ ಗಂಟನ್ನು ದಾರಿಯ ಕಡೆ ಇರುವ ಗುಡಿಯಲ್ಲೋ ನೆಂಟರ ಮನೆಯಲ್ಲೋ ಇಟ್ಟು ಬಂದರೆ ಆವತ್ತೇ ಹೊರಟಂತೆ ಲೆಕ್ಕ. ರಾಹುಕಾಲ ಬಿಟ್ಟು ಕಾಲಿಡಿ. ಬೆಳಗಿನ ಜಾವ ಹೊರಡುವವರಿಗೆ ಅದರ ತೊಂದರೆ ಬರುವುದಿಲ್ಲ, ಸೋಮವಾರವೂ ಅದು ಶುರುವಾಗುವುದು ಏಳೂವರೆಗೆ.

ಸ್ನಾನ, ದೀಪ, ಎಡೆ. ಮುಡಿಪು ಸೊಂಟಕ್ಕೆ. ಹಿರಿಯರ ಕಾಲಿಗೆ ಬಿದ್ದು ವೀಳ್ಯ ತೆಗೆದುಕೊಂಡು ಬಲಗಾಲಿಟ್ಟು ಹೊಸ್ತಿಲು ದಾಟಿ. "ಹೋಗ್ತೀನಿ" ಅನ್ನಬೇಡಿ, "ಹೋಗ್ಬುಟ್ಟು ಬತ್ತೀನಿ" ಅನ್ನಿ. ಊರಬಾಗಿಲಲ್ಲಿ ಕಾಯಿ ಒಡೆದು, ಮಾರಮ್ಮನಿಗೆ ಕೈಮುಗಿದು, ಒಂದು ಸಲ "ಉಘೇ ಮಾದಪ್ಪ" ಅಂದು ನಡೆಯಲು ಶುರುಮಾಡಿ. ಏನಾದರೂ ಮರೆತಿದ್ದರೆ ನೀವು ಹಿಂದಿರುಗಬೇಡಿ, ಯಾರಾದರೂ ತಂದುಕೊಡಲಿ.

ಹಾಗೆಯೇ ದೇವರಮನೆಯ ದೀಪ ನೀವು ಬರುವವರೆಗೆ ಆರಬಾರದು. ಅದನ್ನು ನೋಡಿಕೊಳ್ಳುವವರನ್ನು ಮೊದಲೇ ಗೊತ್ತುಮಾಡಿ, ಎಣ್ಣೆಯ ಡಬ್ಬಿ, ಹೊಸೆದ ಬತ್ತಿ, ಬೆಂಕಿಪೊಟ್ಟಣ ಅವರ ಕೈಗೆ ಕೊಟ್ಟು ಹೊರಡಿ. ನಮ್ಮ ಮನೆಯಲ್ಲಿ ಆ ಕೆಲಸ ಈಗ ನಮ್ಮತ್ತೆಯದು. ಮಂಡಿ ಹಿಡಿದು ನಡೆಯಲಾಗದೆ ಮೂರು ವರ್ಷವಾಯಿತು. ನಾವು ಕೊಳ್ಳೇಗಾಲ ಮುಟ್ಟಿದ ರಾತ್ರಿ ಫೋನ್ ಮಾಡಿದರೆ, "ದೀಪ ಚೆನ್ನಾಗಿ ಉರೀತಾ ಅದೆ, ನೀನ್ ನಡಿ" ಅಂತ ಹೇಳಿ ಇಟ್ಟುಬಿಡುತ್ತಾರೆ.